ಇಥಿಯೋಪಿಯಾಕ್ಕೆ ಪಾಠ ಹೇಳಲು ಹೊರಟಿದ್ದೇನೆ: ಅಡುಗೆಮನೆಗೂ ಹಿತ್ತಲಿಗೂ ಏನು ಕೊಂಡೊಯ್ಯಲಿ?

ಪತ್ರೊಡೆಪ್ರಿಯೆ

ಎಲ್ಲರಿಗೂ ನಮಸ್ಕಾರ. ನನ್ನ ಊರು ಪುತ್ತೂರಿನ ಹತ್ತಿರ. ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತೇನೆ. ಇಥಿಯೋಪಿಯಾದ ಜಿಮ್ಮಾ ಪಟ್ಟಣದಲ್ಲಿ ಎರಡು ವರ್ಷದ ಅಧ್ಯಾಪಕ ಹುದ್ದೆ ಸಿಕ್ಕಿದೆ. ಸೆಪ್ಟೆಂಬರ್ ಕೊನೆಗೆ ಹೊರಡಬೇಕು. ಜೊತೆಗೆ ಗಂಡ ಮತ್ತು ಆರು ವರ್ಷದ ಮಗಳು. ಮೂವರೂ ಸಸ್ಯಾಹಾರಿಗಳು.

ಅಮ್ಮ ಈಗಾಗಲೇ ಪಟ್ಟಿ ಬರೆಯಲು ಕುಳಿತಿದ್ದಾರೆ. ಕುಚ್ಚಲಕ್ಕಿ, ತೊಗರಿಬೇಳೆ, ಹುಣಸೆಹಣ್ಣು, ಬೆಲ್ಲ, ತೆಂಗಿನೆಣ್ಣೆ. ಅದರ ಮೇಲೆ ಬಸಳೆ, ಹರಿವೆ, ಅಲಸಂಡೆ, ಬೆಂಡೆ ಬೀಜಗಳ ಪೊಟ್ಟಣಗಳು. ವಿಮಾನದಲ್ಲಿ ಬಿಡುವ ತೂಕ ಅಕ್ಕಿಗೇ ಮುಗಿದುಹೋಗುತ್ತದೆ. ಕೊಡುವ ಮನೆಯ ಚಿತ್ರ ಕಳುಹಿಸಿದ್ದಾರೆ: ಹಿಂದುಗಡೆ ಕೆಂಪು ಮಣ್ಣಿನ ಅಂಗಳ, ಒಂದು ಬೆಣ್ಣೆಹಣ್ಣಿನ ಮರ, ಬೇಲಿಯ ಪಕ್ಕ ಬಾಳೆಯಂತೆ ಕಾಣುವ ಗಿಡಗಳ ಸಾಲು. ಆ ಅಂಗಳ ನೋಡಿದ ಮೇಲೆ ಅರ್ಧ ಭಯ ಹೋಯಿತು, ಆದರೆ ಅಲ್ಲಿ ಏನು ಬೆಳೆಯುತ್ತದೆ, ಪೇಟೆಯಲ್ಲಿ ಏನು ಸಿಗುತ್ತದೆ ಎಂಬುದು ಒಂದೂ ಗೊತ್ತಿಲ್ಲ. ಆ ಕಡೆ ಇದ್ದು ಬಂದವರು ದಯವಿಟ್ಟು ಹೇಳಿ.

ಹುಚ್ಚೆಳ್ಳು ಹೂ

ತಾಯಿ, ನಿಮ್ಮ ಬರಹ ಓದಿ ಸುಮ್ಮನಿರಲು ಆಗಲಿಲ್ಲ. ನಾನು ತುಮಕೂರು ಜಿಲ್ಲೆಯವನು, ರಸಾಯನಶಾಸ್ತ್ರದ ಮೇಷ್ಟ್ರು, ಈಗ ನಿವೃತ್ತ. 2007ರಿಂದ 2013ರವರೆಗೆ ಇಥಿಯೋಪಿಯಾದ ಬಹಿರ್ ದಾರ್‌ನಲ್ಲಿದ್ದೆ. ತಾನಾ ಸರೋವರದ ದಂಡೆಯ ಊರು ಅದು. ನೀಲಿ ನೈಲ್ ಹೊರಡುವುದು ಆ ಸರೋವರದಿಂದಲೇ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ. ನಿಮ್ಮ ಜಿಮ್ಮಾ ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಹಾಗಾಗಿ ಮೊದಲ ಮಾತು ಬೇಳೆಯ ಬಗ್ಗೆ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ಬಹಳ ಹೊತ್ತು ಬೇಕು. ಐದು ಕಿಲೋ ಅಕ್ಕಿ ಕೆಳಗಿಳಿಸಿ, ಆ ಜಾಗದಲ್ಲಿ ಗಟ್ಟಿಯಾದ ಕುಕ್ಕರ್ ಇಡಿ. ಜೊತೆಗೆ ಮೂರು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಎರಡನೆಯ ವರ್ಷ ಹರಿದಾಗ ಊರಿಂದ ಯಾರಾದರೂ ಬರುವವರೆಗೆ, ಎರಡು ತಿಂಗಳು, ಬೇಳೆಯನ್ನು ರಾತ್ರಿಯಿಡೀ ನೆನೆಸಿಟ್ಟು ಬೇಯಿಸಿದೆವು.

ಎರಡನೆಯ ಮಾತು ಬಹಳ ಮುಖ್ಯವಾದದ್ದು. ನೀವು ಯಾವುದನ್ನು ಬಿಟ್ಟು ಹೋಗುತ್ತಿದ್ದೇನೆ ಎಂದುಕೊಂಡಿದ್ದೀರೋ ಅದರಲ್ಲಿ ಅರ್ಧ ಹುಟ್ಟಿದ್ದೇ ಆ ಕಡೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ಹುಚ್ಚೆಳ್ಳು ಇಥಿಯೋಪಿಯಾದ್ದೇ ಪೈರು. ಅಮ್ಹಾರಿಕ್ ಭಾಷೆಯಲ್ಲಿ ರಾಗಿಗೆ ದಾಗುಸಾ, ಹುಚ್ಚೆಳ್ಳಿಗೆ ನೂಗ್. ಮೆಂತ್ಯಕ್ಕೆ ಅಬಿಶ್, ಕೊತ್ತಂಬರಿಗೆ ದಿಂಬಿಲಾಲ್, ಎಳ್ಳಿಗೆ ಸೆಲಿತ್, ಅಗಸೆಗೆ ತೆಲ್ಬಾ, ಕುಸುಬೆಗೆ ಸುಫ್, ಜೋಳಕ್ಕೆ ಮಶಿಲ್ಲಾ, ಹರಳಿಗೆ ಗುಲೋ. ಮೊದಲ ಶನಿವಾರದ ಸಂತೆಯಲ್ಲಿ ನಾನು ಮತ್ತು ನನ್ನ ಮನೆಯವರು ಒಂದೊಂದೇ ಚೀಲದ ಮುಂದೆ ಬಗ್ಗಿ ಕಾಳು ಹಿಡಿದು ನೋಡುತ್ತಾ ಹೋದೆವು. ನಾಲ್ಕನೆಯ ಚೀಲದಲ್ಲಿ ರಾಗಿ ಇತ್ತು. ನಮ್ಮದಕ್ಕಿಂತ ಸ್ವಲ್ಪ ಕಪ್ಪು, ಕಾಳು ಸಣ್ಣದು. ನನ್ನಾಕೆ ಅಂಗೈಯಲ್ಲಿ ಉಜ್ಜಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, “ನಮ್ಮ ರಾಗಿನೇ” ಎಂದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ಅಂಗಡಿಯ ಹೆಂಗಸು ಇನ್ನೆರಡು ಹಿಡಿ ಮೇಲೆ ಹಾಕಿಕೊಟ್ಟಳು.

ಹಿಟ್ಟು ಮಾಡಿಸಲು ಪ್ರತಿ ಬಡಾವಣೆಯಲ್ಲೂ ಗಿರಣಿ ಇರುತ್ತದೆ. ಅಲ್ಲೇ ಬೆರ್ಬೆರೆ ಎಂಬ ಖಾರದ ಪುಡಿಯನ್ನೂ ಬೀಸುತ್ತಾರೆ, ಹಾಗಾಗಿ ನಿಮ್ಮ ಸರದಿ ಯಾರ ಹಿಂದೆ ಎಂದು ನೋಡಿಕೊಳ್ಳಿ. ಟೆಫ್ ಎಂಬ ಅಲ್ಲಿನ ಧಾನ್ಯ ಬೀಸಿದ ಮೇಲೆ ಹಾಕಿಸಿದರೆ ತೊಂದರೆಯಿಲ್ಲ. ಖಾರದ ಹಿಂದೆಯೇ ಹಾಕಿಸಿದರೆ ಮುದ್ದೆ ತಿಂದು ಕಣ್ಣೀರು ಬರುತ್ತದೆ.

ಮುದ್ದೆ ಎಂದಾಗ ನೆನಪಾಯಿತು. ನಾವು ಮೊದಲ ಸಲ ಮುದ್ದೆ ಕಟ್ಟಿದ ದಿನ ಪಕ್ಕದ ಮನೆಯ ಅಜ್ಜಿ ಬಂದಿದ್ದರು. ತಟ್ಟೆ ನೋಡಿದ ಕೂಡಲೇ “ಗೆನ್ಫೋ!” ಎಂದರು. ಗೆನ್ಫೋ ಎಂದರೆ ಬಾರ್ಲಿ ಹಿಟ್ಟಿನ ಗಟ್ಟಿ ಮುದ್ದೆ. ನಡುವೆ ಗುಳಿ ಮಾಡಿ ಕಾಯಿಸಿದ ಬೆಣ್ಣೆ ಮತ್ತು ಬೆರ್ಬೆರೆ ಸುರಿಯುತ್ತಾರೆ, ಅಂಚಿನಿಂದ ಮುರಿದು ಅದ್ದಿ ತಿನ್ನುತ್ತಾರೆ. ಬಾಣಂತಿಗೆ ಅದನ್ನೇ ಕೊಡುವುದು, ನೋಡಲು ಬಂದವರಿಗೂ ಅದೇ. ಅಜ್ಜಿ ನಮ್ಮ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ ತಿಂದು, ಬೆಣ್ಣೆ ಯಾಕೆ ಹಾಕಿಲ್ಲ ಎಂದು ಕೇಳಿದರು. ಆಮೇಲೆ ಆರು ವರ್ಷವೂ ಅವರೇ ನಮ್ಮ ಹಿತ್ತಲಿನ ಗುರು.

ಬೀಜದ ವಿಷಯ ನಾಳೆ ಬರೆಯುತ್ತೇನೆ, ಅದು ಉದ್ದವಿದೆ.

ಬೆಳವಲದ ಜೋಳ

ಸರ್ ಬರೆದದ್ದು ಓದಿ ಮೈ ಜುಮ್ಮೆಂದಿತು. ನಾನು ಗದಗ ಕಡೆಯವನು, ದಕ್ಷಿಣದ ಅರ್ಬಾ ಮಿಂಚ್‌ನಲ್ಲಿ ನಾಲ್ಕು ವರ್ಷ ಗಣಿತ ಕಲಿಸಿದೆ. ಊರಿನ ಹೆಸರಿಗೆ ನಲವತ್ತು ಚಿಲುಮೆ ಎಂದರ್ಥ. ಅಲ್ಲಿ ಎತ್ತರ ಕಡಿಮೆ, ಸೆಕೆ ಹೆಚ್ಚು. ಬಾಳೆ, ಮಾವು ಬೇಕಾದಷ್ಟು.

ನಮಗೆ ಗುರೆಳ್ಳು (ಹುಚ್ಚೆಳ್ಳಿಗೆ ನಮ್ಮ ಕಡೆಯ ಹೆಸರು) ಚಟ್ನಿ, ಅಗಸಿ ಚಟ್ನಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೋಗುವಾಗ ತಾಯಿ ಎರಡು ಡಬ್ಬಿ ಚಟ್ನಿ ಪುಡಿ ಕಟ್ಟಿಕೊಟ್ಟಿದ್ದಳು. ಮುಗಿದ ಮೇಲೆ ಏನು ಮಾಡುವುದು ಎಂದು ಚಿಂತಿಸುತ್ತಿದ್ದವನಿಗೆ ಸಂತೆಯಲ್ಲಿ ನೂಗ್ ಸಿಕ್ಕಿತು, ತೆಲ್ಬಾ ಸಿಕ್ಕಿತು, ಮಶಿಲ್ಲಾ ಸಿಕ್ಕಿತು. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿ ರೊಟ್ಟಿ ಬಡಿದೆ. ಮೂರನೆಯ ರೊಟ್ಟಿ ಉಬ್ಬಿತು.

ನುಗ್ಗೆಯ ಬಗ್ಗೆ ಹೇಳಲೇಬೇಕು. ಆ ಕಡೆ ನುಗ್ಗೆಯ ಬೇರೊಂದು ಜಾತಿ ಇದೆ. ಅಮ್ಹಾರಿಕ್‌ನಲ್ಲಿ ಶಿಫೆರಾ, ಆ ಸೀಮೆಯವರ ಬಾಯಲ್ಲಿ ಹಲೆಕೊ. ಬೊಡ್ಡೆ ದಪ್ಪ, ಎಲೆ ನಮ್ಮದಕ್ಕಿಂತ ದೊಡ್ಡದು. ಎಲೆ ಬೇಯಿಸಿ, ಅದರಲ್ಲೇ ಜೋಳದ ಅಥವಾ ಮೆಕ್ಕೆಜೋಳದ ಹಿಟ್ಟಿನ ಉಂಡೆ ಬೇಯಿಸಿ ತಿನ್ನುತ್ತಾರೆ, ಹೆಸರು ಕುರ್ಕುಫಾ. ನಮ್ಮ ಕಡಬು ಸೊಪ್ಪಿನ ಪಲ್ಯದಲ್ಲಿ ಬೆಂದಂತೆ. ಅಲ್ಲಿಂದ ಸ್ವಲ್ಪ ದೂರದ ಕೊನ್ಸೊ ಸೀಮೆಯಲ್ಲಿ ಗುಡ್ಡಗಳಿಗೆ ಕಲ್ಲಿನ ಮೆಟ್ಟಿಲು ಕಟ್ಟಿ ಬೇಸಾಯ ಮಾಡುತ್ತಾರೆ, ಅದನ್ನು 2011ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮೆಟ್ಟಿಲುಗಳಲ್ಲಿ ಜೋಳದ ನಡುನಡುವೆ ಈ ನುಗ್ಗೆ ಮರಗಳು ನಿಂತಿರುತ್ತವೆ. ಕಲ್ಲು ಬಿದ್ದರೆ ಅದೇ ದಿನ ಎತ್ತಿ ಇಡುತ್ತಾರೆ. ಒಡ್ಡು ಹಾಕಿದ ಹೊಲದಲ್ಲಿ ಬೆಳೆದವನಿಗೆ ಅದನ್ನು ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ.

ಅಕ್ಕ, ಜಿಮ್ಮಾದಲ್ಲಿ ನುಗ್ಗೆ ನನ್ನ ಊರಿನಷ್ಟು ಹುಲುಸಾಗಿ ಬರಲಿಕ್ಕಿಲ್ಲ, ಅಲ್ಲಿ ತಂಪು ಹೆಚ್ಚು. ಒಣಗಿಸಿದ ಎಲೆಯನ್ನಾದರೂ ದಕ್ಷಿಣದವರಿಂದ ತರಿಸಿಕೊಳ್ಳಿ.

ಬೇಳೆಕಾಳು

ಕೃಷಿ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ಎರಡು ಎಚ್ಚರಿಕೆ.

ಬೀಜದ ಪೊಟ್ಟಣಗಳನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಹೋಗಬೇಡಿ. ಒಂದು ದೇಶದಿಂದ ಇನ್ನೊಂದಕ್ಕೆ ಬಿತ್ತನೆ ಬೀಜ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬೀಜದ ಜೊತೆ ಶಿಲೀಂಧ್ರ, ವೈರಸ್, ಕಳೆಬೀಜ ಹೋಗುತ್ತವೆ. ಇಥಿಯೋಪಿಯಾದಂತಹ ನಾಡಿನಲ್ಲಿ, ಎಷ್ಟೋ ಪೈರುಗಳ ಮೂಲ ತಳಿಗಳು ರೈತರ ಕಣಜದಲ್ಲೇ ಇನ್ನೂ ಉಳಿದಿರುವಾಗ, ನಾವು ಒಂದು ರೋಗ ಹೊತ್ತು ಹೋಗುವುದು ದೊಡ್ಡ ತಪ್ಪು. ಗಿಡ, ಬೇರು, ಮಣ್ಣು ಅಂತೂ ಬೇಡವೇ ಬೇಡ. ಕರಿಬೇವನ್ನು ನೆರಳಲ್ಲಿ ಒಣಗಿಸಿ ಎಲೆಯಾಗಿ ಒಯ್ಯಿರಿ.

ಎರಡನೆಯದು ಶಿರೊ. ಕಡಲೆ, ಬಟಾಣಿ ಮುಂತಾದವನ್ನು ಹುರಿದು ಮಸಾಲೆಯೊಡನೆ ಬೀಸಿದ ಹಿಟ್ಟು ಅದು. ನೀರಲ್ಲಿ ಕದಡಿ ಕುದಿಸಿದರೆ ಹತ್ತು ನಿಮಿಷದಲ್ಲಿ ಸಾರು. ಸಸ್ಯಾಹಾರಿಗೆ ದೊಡ್ಡ ಆಸರೆ. ಆದರೆ ಅಗ್ಗದ ಶಿರೊದಲ್ಲಿ ಗುವಾಯ ಬೆರೆತಿರುವುದುಂಟು. ಗುವಾಯ ಎಂದರೆ ನಮ್ಮ ಕೇಸರಿ ಬೇಳೆ. ಅಪರೂಪಕ್ಕೆ ತಿಂದರೆ ಹೆದರಬೇಕಿಲ್ಲ, ತಿಂಗಳುಗಟ್ಟಲೆ ಅದೇ ಮುಖ್ಯ ಊಟವಾದರೆ ಕಾಲುಗಳ ಶಕ್ತಿ ಕುಂದಿ ಮತ್ತೆ ಬಾರದಂತೆ ಆಗುತ್ತದೆ. ಬರಗಾಲದಲ್ಲಿ ಬೇರೆ ಕಾಳು ಸಿಗದೆ ಇದನ್ನೇ ತಿಂದ ಬಡವರಿಗೆ ಎರಡೂ ದೇಶಗಳಲ್ಲಿ ಹೀಗಾಗಿದೆ. ಕಡಲೆಯನ್ನು ನೀವೇ ಕೊಂಡು, ಹುರಿದು, ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಕಡಲೆಗೆ ಅಲ್ಲಿ ಶಿಂಬ್ರಾ ಎನ್ನುತ್ತಾರೆ.

ರಾಗಿಯ ಮಾತು ಬಂದಿದ್ದರಿಂದ ಇನ್ನೊಂದು. ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಇಂಡಿಯಾದ ಮೊದಲಕ್ಷರ, ಆಫ್ರಿಕಾದ ಮೊದಲಕ್ಷರ ಸೇರಿ ಆ ಹೆಸರು. 1970ರ ದಶಕದಲ್ಲಿ ಅವು ರೈತರ ಕೈಗೆ ಬಂದು ಹಳೇ ಮೈಸೂರು ಸೀಮೆಯ ಇಳುವರಿ ಏರಿತು. ತವರಿನಿಂದ ಇನ್ನೊಮ್ಮೆ ಬೀಜ ಬಂದು ನಮ್ಮ ಹೊಟ್ಟೆ ತುಂಬಿಸಿತು. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ, ಕೈಯಿಂದ ಪರಾಗ ಕೂಡಿಸುವುದು ಸಾಮಾನ್ಯ ತಾಳ್ಮೆಯ ಕೆಲಸವಲ್ಲ. ಅವರ ಹೆಸರನ್ನು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ.

ಪತ್ರೊಡೆಪ್ರಿಯೆ

ಸರ್, ಬೆಳವಲದ ಅಣ್ಣ, ಎಲ್ಲರಿಗೂ ಕೃತಜ್ಞತೆ. ಬೀಜದ ಪೊಟ್ಟಣಗಳನ್ನು ತೆಗೆದಿಟ್ಟೆ. ಅಮ್ಮನಿಗೆ ಬೇಸರವಾಯಿತು, ಆದರೆ ಕಾರಣ ವಿವರಿಸಿದಾಗ ಒಪ್ಪಿದರು. ಇನ್ನೆರಡು ಪ್ರಶ್ನೆ. ಮಗಳು ಏನು ತಿಂದಾಳು? ಹೋಟೆಲಿಗೆ ಹೋದರೆ ಸಸ್ಯಾಹಾರ ಎಂದು ಹೇಗೆ ಕೇಳುವುದು?

ಹುಚ್ಚೆಳ್ಳು ಹೂ

“ತ್ಸೋಮ್” ಎಂದು ಕೇಳಿ. ಉಪವಾಸ ಎಂದರ್ಥ. ಅಲ್ಲಿನ ಆರ್ಥೊಡಾಕ್ಸ್ ಪಂಥದ ಕ್ರೈಸ್ತರು ವರ್ಷದ ಬಹುಪಾಲು ಬುಧವಾರ, ಶುಕ್ರವಾರ ಮತ್ತು ಈಸ್ಟರ್ ಹಬ್ಬಕ್ಕೆ ಮೊದಲು 55 ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಬೆಯೈನೆತು ಎಂದು ಹೇಳಿದರೆ ಇಂಜೆರಾ ಎಂಬ ದೊಡ್ಡ ಹುಳಿ ರೊಟ್ಟಿಯ ಮೇಲೆ ಚನ್ನಂಗಿ ಬೇಳೆಯ ಗೊಜ್ಜು, ಅರಿಸಿನ ಹಾಕಿದ ಬಟಾಣಿ ಬೇಳೆ, ಎಲೆಕೋಸು, ಗೊಮೆನ್ ಸೊಪ್ಪು, ಬೀಟ್‌ರೂಟ್, ಶಿರೊ, ಒಂದೊಂದು ಗುಡ್ಡೆಯಾಗಿ ಬರುತ್ತದೆ. ನಮ್ಮ ಬಾಳೆಲೆ ಊಟದ ಸಂಭ್ರಮ ಅದಕ್ಕಿದೆ. ಆ ಅಡುಗೆಗೆ ಬೆಣ್ಣೆಯಿಲ್ಲ, ಎಣ್ಣೆಯೇ. ಎಷ್ಟೋ ಮನೆಗಳಲ್ಲಿ ಅದು ನೂಗ್ ಎಣ್ಣೆ. ಹುಚ್ಚೆಳ್ಳೆಣ್ಣೆಯ ಘಮ ಒಗ್ಗರಣೆಯಿಂದ ಎದ್ದಾಗ ನಾನು ನಮ್ಮಜ್ಜಿಯ ಅಡುಗೆಮನೆಯಲ್ಲಿ ಕುಳಿತಂತೆ ಆಗುತ್ತಿತ್ತು. ಜಿಮ್ಮಾ ಸುತ್ತಲಿನ ಸೀಮೆಯಲ್ಲಿ ಮುಸ್ಲಿಮರು ಹೆಚ್ಚು, ಎಲ್ಲ ಹೋಟೆಲುಗಳಲ್ಲೂ ಇದು ಇರದು. ಕ್ರೈಸ್ತರು ನಡೆಸುವ ಜಾಗ ಗೊತ್ತುಮಾಡಿಕೊಳ್ಳಿ.

ಇಂಜೆರಾ ಬಗ್ಗೆ ಹೆದರಬೇಡಿ. ಟೆಫ್ ಎಂಬ ಕಾಳು ಗಸಗಸೆಯಷ್ಟು ಸಣ್ಣ. ಹಿಟ್ಟು ಕಲಸಿ ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಹಂಚಿನ ಮೇಲೆ ಹೊರಗಿನಿಂದ ಒಳಕ್ಕೆ ಸುತ್ತಾಗಿ ಹೊಯ್ದು, ಮುಚ್ಚಳ ಹಾಕಿ ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆ ಸಾವಿರ ಕಣ್ಣು ಬಿಟ್ಟುಕೊಳ್ಳುತ್ತದೆ. ದೋಸೆ ಹಿಟ್ಟು ಹುಳಿ ಬರಿಸುವ ಜನಕ್ಕೆ ಅದು ಅಪರಿಚಿತ ರುಚಿಯಲ್ಲ, ನಮ್ಮದಕ್ಕಿಂತ ಹುಳಿ ಒಂದು ಕೈ ಮುಂದು ಅಷ್ಟೇ. ಮಗುವಿಗೆ ಮೊದಲ ವಾರ ಡಾಬೊ, ಎಂದರೆ ಗೋಧಿ ಬ್ರೆಡ್, ಕೊಡಿ. ಕೊಲೊ ಸಿಗುತ್ತದೆ: ಹುರಿದ ಬಾರ್ಲಿ, ಕಡಲೆ, ನಮ್ಮ ಹುರಿಗಾಳಿನ ಹಾಗೆ. ಬೆಣ್ಣೆಹಣ್ಣು, ಮಾವು, ಪರಂಗಿಯ ರಸವನ್ನು ಪದರ ಪದರವಾಗಿ ಲೋಟದಲ್ಲಿ ಹಾಕಿ ಕೊಡುತ್ತಾರೆ, ಮಕ್ಕಳಿಗೆ ಅದು ಹಬ್ಬ.

ಈಗ ಹಿತ್ತಲು. ನಾನು ಮೊದಲ ವರ್ಷ ಮಾಡಿದ ತಪ್ಪು ನೀವು ಮಾಡಬಾರದು. ಜುಲೈನಲ್ಲಿ ಮಳೆ ಬಂತೆಂದು ಊರಿನ ಅಭ್ಯಾಸದಂತೆ ಪಾತಿ ಮಾಡಿ ಮೆಂತ್ಯ, ಕೊತ್ತಂಬರಿ, ದಂಟು ಚೆಲ್ಲಿದೆ. ಆ ಮಳೆ ನಮ್ಮ ಬಯಲುಸೀಮೆಯ ಮಳೆಯಲ್ಲ. ಜುಲೈ, ಆಗಸ್ಟ್ ಎರಡು ತಿಂಗಳು ಹಿಡಿದು ಸುರಿಯುತ್ತದೆ, ನಡುವೆ ಆಲಿಕಲ್ಲು. ಹದಿನೈದು ದಿನದಲ್ಲಿ ಎಲ್ಲ ಕೊಳೆತು ಹೋಯಿತು. ಪಕ್ಕದ ಮನೆ ಅಜ್ಜಿ ಬೇಲಿಯಾಚೆ ನಿಂತು ಕೈಬೆರಳಲ್ಲಿ ಎರಡು ತಿಂಗಳು ಎಣಿಸಿ ತೋರಿಸಿದರು. ಅವರ ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಮೆಸ್ಕೆರೆಮ್ ತಿಂಗಳ ಮೊದಲ ದಿನ. ಮಳೆ ಹಿಂದೆ ಸರಿಯುವ ಹೊತ್ತು ಅದು. ಅದಾದ ಮೇಲೆ ಸೊಪ್ಪು ಹಾಕಬೇಕು. ನೀವು ತಲುಪುವ ಹೊತ್ತೂ ಅದೇ ಆಗುತ್ತದೆ. ಆದರೆ ಜಿಮ್ಮಾದಲ್ಲಿ ಮಳೆಗಾಲ ಇನ್ನೂ ಉದ್ದ, ಮಾರ್ಚ್‌ನಿಂದಲೇ ಶುರುವಾಗುತ್ತದೆ. ಪಾತಿಯ ಬದಲು ಒಂದು ಗೇಣು ಎತ್ತರದ ಮಡಿ ಏರಿಸಿಕೊಳ್ಳಿ.

ಬಿತ್ತನೆಗೆ ಬೇಕಾದ ಮೆಂತ್ಯ, ಕೊತ್ತಂಬರಿ, ಸಾಸಿವೆ ಸಂತೆಯ ಸಾಂಬಾರ ಚೀಲದಿಂದಲೇ ತೆಗೆದುಕೊಳ್ಳಿ. ಹುರಿಯದೆ ಇರುವುದನ್ನು ಕೇಳಿ ತನ್ನಿ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಒತ್ತಿ ಎರಡು ಹೋಳು ಮಾಡಿ ಒಂದು ರಾತ್ರಿ ನೆನೆಸಿ ಚೆಲ್ಲಿದರೆ ಹತ್ತು ದಿನಕ್ಕೆ ಮೊಳಕೆ. ನನ್ನ ನೆರೆಯವರು ಮೆಂತ್ಯವನ್ನು ಕಾಳಿಗಷ್ಟೇ ಬಳಸುತ್ತಿದ್ದರು. ನಾವು ಸೊಪ್ಪು ಕಿತ್ತು ಸಾರು ಮಾಡುವುದನ್ನು ಕಂಡು ಅಜ್ಜಿಗೆ ಅಚ್ಚರಿ, ನಾಲ್ಕು ದಿನದ ಮೇಲೆ ಅವರೂ ಒಂದು ಮಡಿ ಹಾಕಿದರು. ನಮ್ಮ ಹರಿವೆ, ಗೋಣಿಸೊಪ್ಪು ಅವರ ಹಿತ್ತಲಲ್ಲಿ ಕಳೆ. ಕಿತ್ತು ಆಚೆ ಎಸೆಯುವ ಮೊದಲು ನಮಗೆ ಕೊಡುತ್ತಿದ್ದರು. ಅವರು ಕೊಟ್ಟದ್ದು ಗೊಮೆನ್ ಸಸಿ. ಕೋಸಿನ ಕುಲದ ಸೊಪ್ಪು, ಕೆಳಗಿನ ಎಲೆ ಮುರಿದಷ್ಟೂ ಮೇಲೆ ಚಿಗುರುತ್ತದೆ. ನಾಲ್ಕು ಗಿಡ ಒಂದು ಮನೆಗೆ ಸಾಕು. ಬೆಸೊಬೆಲಾ ಎಂಬ ತುಳಸಿ ಸಿಗುತ್ತದೆ, ಬೆಣ್ಣೆ ಕಾಯಿಸುವಾಗ ಹಾಕುತ್ತಾರೆ. ತೆನಾ ಆದಂ ಎಂಬುದು ನಮ್ಮ ನಾಗದಾಳಿ ಸೊಪ್ಪು. ಅದರ ಒಂದು ಕಡ್ಡಿಯನ್ನು ಕಾಫಿ ಲೋಟದಲ್ಲಿ ಇಟ್ಟು ಕೊಡುತ್ತಾರೆ.

ನಿಮ್ಮ ಚಿತ್ರದಲ್ಲಿರುವ ಬಾಳೆಯಂತಹ ಗಿಡ ಬಹುಶಃ ಎನ್ಸೆತ್. ಅದು ತಿನ್ನುವ ಹಣ್ಣು ಬಿಡುವುದಿಲ್ಲ. ಬೊಡ್ಡೆಯ ತಿರುಳನ್ನು ಹೆರೆದು ಗುಂಡಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಕೊಚೊ ಎಂಬ ರೊಟ್ಟಿ ಮಾಡುತ್ತಾರೆ. ದಕ್ಷಿಣದಲ್ಲಿ ಲಕ್ಷಾಂತರ ಜನರ ಊಟ ಅದು. ಬಾಳೆ ಎಂದುಕೊಂಡು ಕಡಿದುಬಿಡಬೇಡಿ. ಅದರ ಎಲೆಯನ್ನು ಪಾತ್ರೆಗೆ ಹಾಸಿ ದೊಡ್ಡ ಬ್ರೆಡ್ ಸುಡುತ್ತಾರೆ, ನಿಮ್ಮ ಎಲೆಯಲ್ಲಿ ಬೇಯಿಸುವ ತಿಂಡಿಗಳಿಗೂ ಆದೀತು.

ಇನ್ನೊಂದು ಖುಷಿಯ ಸಂಗತಿ: ಗೊದೆರೆ ಎಂದು ಕೇಳಿ ನೋಡಿ. ನಿಮ್ಮ ಕೆಸು ಅದು!

ಪತ್ರೊಡೆಪ್ರಿಯೆ

ಕೆಸುವೇ! ಅಮ್ಮನಿಗೆ ಓದಿ ಹೇಳಿದೆ. “ಹಾಗಾದರೆ ಹುಣಸೆಹಣ್ಣು ಎರಡು ಕಿಲೋ ಇರಲಿ” ಎಂದರು.

ಕಡಲ ನಡುಗಡ್ಡೆ

ನಾನು ಬೇರೊಂದು ದಿಕ್ಕಿನಿಂದ ಬರೆಯುತ್ತಿದ್ದೇನೆ. ಮಾಲ್ದೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಐದನೆಯ ವರ್ಷ. ಇಲ್ಲಿ ಮಣ್ಣೇ ಇಲ್ಲ, ಹವಳದ ಮರಳು. ಸುಣ್ಣದ ಅಂಶ ಹೆಚ್ಚಾಗಿ ಎಲೆ ಹಳದಿಯಾಗುತ್ತದೆ, ಬಾವಿ ನೀರಿನಲ್ಲಿ ಉಪ್ಪು. ಬಿದ್ದ ಎಲೆ, ತೆಂಗಿನ ನಾರಿನ ಪುಡಿ, ಅಡುಗೆಮನೆಯ ಕಸ ಕೊಳೆಸಿ ಬಕೆಟ್‌ಗಳಲ್ಲಿ ತುಂಬಿ, ಹಿಡಿದಿಟ್ಟ ಮಳೆನೀರು ಕೊಟ್ಟು ಬೆಳೆಯುತ್ತೇನೆ. ಆದರೆ ಇಲ್ಲೂ ಅದೇ ಅನುಭವ: ನುಗ್ಗೆಸೊಪ್ಪಿಗೆ ಮುರಂಗ ಎನ್ನುತ್ತಾರೆ, ಮನೆಮನೆಯಲ್ಲಿದೆ. ಕರಿಬೇವಿಗೆ ಹಿಕಂಧಿ ಎಂಬ ಹೆಸರು. ನಾನು ಊರಿಂದ ಒಣಗಿಸಿ ತಂದ ಕರಿಬೇವು ಡಬ್ಬಿಯಲ್ಲೇ ಉಳಿಯಿತು. ಏಳನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿ ಭಾನುವಾರ, ಇಲ್ಲಿ ವಾರದ ಮೊದಲ ಶಾಲಾದಿನ, ಒಂದು ಕಟ್ಟು ಹಸಿ ಎಲೆ ತಂದು ಮೇಜಿನ ಮೇಲೆ ಇಡುತ್ತಾಳೆ.

ಏರೋಗ್ರಾಮ್

ಇದನ್ನೆಲ್ಲ ಓದುತ್ತಾ ನನಗೆ ಎಪ್ಪತ್ತರ ದಶಕ ಮರಳಿ ಬಂತು. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಭಾರತದಿಂದ ಸಾವಿರಾರು ಶಾಲಾ ಶಿಕ್ಷಕರು ಇಥಿಯೋಪಿಯಾಕ್ಕೆ ಹೋದರಲ್ಲ, ನಮ್ಮ ತಂದೆಯೂ ಅವರಲ್ಲಿ ಒಬ್ಬರು. ಉತ್ತರದ ವೊಲ್ಲೊ ಪ್ರಾಂತದ ದೆಸ್ಸಿ ಪಟ್ಟಣದಲ್ಲಿ ಗಣಿತ ಕಲಿಸುತ್ತಿದ್ದರು. ನಾನು ಚಿಕ್ಕವಳು. ಬೆಟ್ಟದ ಊರು, ಹಲ್ಲು ಕಟಕಟ ಎನ್ನುವ ಚಳಿ. ಅಮ್ಮನಿಗೆ ಇಂಗ್ಲಿಷೂ ಬಾರದು, ಅಮ್ಹಾರಿಕ್ಕೂ ಬಾರದು. ಮೆಂತ್ಯ ಬೇಕಾದಾಗ ಒಂದು ಕಾಳನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಹೋಗಿ, ಅಂಗಡಿಯ ಮುಂದೆ ಬಿಚ್ಚಿ ತೋರಿಸುತ್ತಿದ್ದರು. ಅಜ್ಜನಿಗೆ ಬರೆಯುವ, ವಿಮಾನ ಅಂಚೆಯ ನೀಲಿ ಕಾಗದವಾದ ಏರೋಗ್ರಾಮ್‌ನಲ್ಲಿ ಹಿತ್ತಲಿನ ಸುದ್ದಿಯೇ ಮುಕ್ಕಾಲು.

ಆದರೆ ನಾನು ಬರೆಯಲು ಕುಳಿತದ್ದು ಇನ್ನೊಂದನ್ನು. 1973ರಲ್ಲಿ ವೊಲ್ಲೊದಲ್ಲಿ ಭೀಕರ ಬರ. ಹಳ್ಳಿಗಳಿಂದ ಜನ ನಡೆದು ರಸ್ತೆಗೆ ಬಂದರು. ಶಾಲೆಗೆ ಹೋಗುವ ದಾರಿಯಲ್ಲಿ ಅವರು ಕುಳಿತಿರುತ್ತಿದ್ದರು, ಮಾತಿಲ್ಲ, ಕೈ ಚಾಚುವುದೂ ಇಲ್ಲ. ಅಮ್ಮ ಮತ್ತು ಅಕ್ಕಪಕ್ಕದ ಇಬ್ಬರು ಹೆಂಗಸರು ಬೆಳಗ್ಗೆ ಬಾರ್ಲಿ ಗಂಜಿ ಕಾಯಿಸಿ ಬಾಗಿಲಲ್ಲಿ ಬಡಿಸುತ್ತಿದ್ದರು. ಹಿತ್ತಲಿನ ಎಲೆಕೋಸು, ಆಲೂಗಡ್ಡೆ ಎಲ್ಲ ಆ ಗಂಜಿಗೆ ಹೋಯಿತು. ಕೊನೆಗೆ ಕೋಸಿನ ಹೊರ ಎಲೆಗಳೂ. ಅಪ್ಪ ಪಾಠ ಹೇಳುತ್ತಿದ್ದ ಹುಡುಗರಲ್ಲಿ ಕೆಲವರು ರಜೆಗೆ ಊರಿಗೆ ಹೋದವರು ಮರಳಲಿಲ್ಲ. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿದರು, ಮರುವರ್ಷ ನಾವು ಮರಳಿ ಬಂದೆವು. ಅಮ್ಮ ಬದುಕಿರುವವರೆಗೆ ನಮ್ಮ ಮನೆಯಲ್ಲಿ ಯಾರೂ ತಟ್ಟೆಯಲ್ಲಿ ಅಗುಳು ಬಿಟ್ಟು ಎದ್ದದ್ದಿಲ್ಲ.

ತಂಗಿ, ನೀವು ಹೋಗುವ ಊರು ಹಸಿರಿನ ಊರು. ಆದರೂ ಹಿತ್ತಲಲ್ಲಿ ಹೆಚ್ಚಾದದ್ದನ್ನು ಹಂಚಿ. ಮಕ್ಕಳಿಗೆ ಅದು ಪಾಠಕ್ಕಿಂತ ಹೆಚ್ಚು ನೆನಪಿರುತ್ತದೆ.

ಹುಚ್ಚೆಳ್ಳು ಹೂ

ಏರೋಗ್ರಾಮ್ ಅಕ್ಕ, ನಿಮ್ಮ ತಾಯಿಗೆ ನನ್ನ ನಮಸ್ಕಾರ. ಬಹಿರ್ ದಾರ್‌ನಲ್ಲಿ ನನ್ನ ಸಹೋದ್ಯೋಗಿಗಳಲ್ಲಿ ಹಿರಿಯರು ಕೆಲವರು “ನನಗೆ ಭೌತಶಾಸ್ತ್ರ ಕಲಿಸಿದ್ದು ಭಾರತದ ಮೇಷ್ಟ್ರು” ಎಂದು ಹೇಳುತ್ತಿದ್ದರು. ನಿಮ್ಮ ತಂದೆಯಂತಹವರು ಗಳಿಸಿಟ್ಟ ಗೌರವವನ್ನು ನಾವು ಪುಕ್ಕಟೆ ಉಂಡೆವು.

ನನ್ನ ಹೆಸರಿನ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ಎರಡನೆಯ ವರ್ಷದ ದೀಪಾವಳಿ. ಮಡದಿ ಊರಿಗೆ ಹೋಗಿದ್ದಳು, ನಾನೊಬ್ಬನೇ. ಹಬ್ಬದ ಹಿಂದಿನ ದಿನ ವಿದ್ಯಾರ್ಥಿಗಳೊಡನೆ ತಿಸ್ ಇಸಾತ್ ಜಲಪಾತಕ್ಕೆ ಹೋಗಬೇಕಾಗಿತ್ತು, ಪಟ್ಟಣದಿಂದ ಸುಮಾರು 30 ಕಿಲೋಮೀಟರ್. ಬಸ್ಸು ಊರು ದಾಟಿದ್ದೇ ತಡ, ಎರಡೂ ಕಡೆ ಹಳದಿ. ಕಣ್ಣು ಹರಿಯುವಷ್ಟು ದೂರ ಹುಚ್ಚೆಳ್ಳು ಹೂ ಬಿಟ್ಟು ನಿಂತಿತ್ತು. ನಮ್ಮ ಊರಲ್ಲಿ ಹುಚ್ಚೆಳ್ಳನ್ನು ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ಹಾಕುತ್ತೇವೆ. ದೀಪಾವಳಿಗೆ ಸಗಣಿ ಉಂಡೆ ಮಾಡಿ, ಅದಕ್ಕೆ ಹುಚ್ಚೆಳ್ಳು ಹೂ ಸಿಕ್ಕಿಸಿ ಹೊಸ್ತಿಲ ಪಕ್ಕ ಇಡುತ್ತೇವೆ. ಚಿಕ್ಕಂದಿನಲ್ಲಿ ಹೂ ತರುವ ಕೆಲಸ ನನ್ನದೇ. ಮಂಜಿಗೆ ಅಂಗಿ ತೋಯುತ್ತಿತ್ತು.

ಬಸ್ಸು ನಿಲ್ಲಿಸಲು ಹೇಳಿದೆ. ಹುಡುಗರು ಯಾಕೆಂದು ಕೇಳಿದರು, ಹೇಳಿದೆ. ಆ ಸೀಮೆಯ ರೈತನ ಮಗನೊಬ್ಬ ಇಳಿದು ಹೊಲದ ಒಡೆಯನನ್ನು ಕೂಗಿ ಕರೆದ. ಅವರು ನನ್ನ ಮಾತು ಅರ್ಥಮಾಡಿಕೊಂಡು ತಾವೇ ಒಂದು ತೆಕ್ಕೆ ಹೂ ಕೊಯ್ದು ಕೊಟ್ಟರು, ಹಣ ಮುಟ್ಟಲಿಲ್ಲ. ಮರುದಿನ ಬೆಳಗ್ಗೆ ಪಕ್ಕದ ಮನೆಯ ಹಸುವಿನ ಸಗಣಿ ತಂದು ಉಂಡೆ ಕಟ್ಟಿ ಹೂ ಸಿಕ್ಕಿಸಿ ಬಾಗಿಲಲ್ಲಿ ಇಟ್ಟೆ. ಅಜ್ಜಿ ಬಂದು ನೋಡಿ, ಏನೂ ಕೇಳದೆ, ಮನೆಗೆ ಹೋಗಿ ಸಾಂಬ್ರಾಣಿ ಮತ್ತು ಕೆಂಡ ತಂದರು. ಹಸಿ ಹುಲ್ಲು ಹಾಸಿ, ಕಾಫಿ ಬೀಜ ಹುರಿದು, ಜೆಬೆನಾ ಎಂಬ ಮಣ್ಣಿನ ಕಾಫಿ ಹೂಜಿಯಲ್ಲಿ ಕಾಯಿಸಿ, ಕ್ರಮದಂತೆ ಮೂರು ಸುತ್ತು ಕಾಫಿ ಕೊಟ್ಟರು.

ಆಮೇಲೆ ನನ್ನ ಮನೆಯ ಮುಂದೆಯೇ ದಾಗುಸಾ ಬಿತ್ತಿ ನೂಗ್ ಅಕ್ಕಡಿ ಹಾಕಲು ಹೊರಟೆ. ಮೊದಲ ಸಲ ಗೊಬ್ಬರ ಹೆಚ್ಚು ಕೊಟ್ಟು ಕೆಡಿಸಿದೆ, ಗಿಡ ಆಳೆತ್ತರ ಬೆಳೆದು ಮಲಗಿಬಿಟ್ಟಿತು. “ನೂಗ್ ಬಡ ಮಣ್ಣಿನ ಪೈರು, ಸರ್” ಎಂದು ತಿದ್ದಿದ್ದು ಅದೇ ರೈತನ ಮಗ. ಪರೀಕ್ಷೆಯಲ್ಲಿ ನಾನು ಅವನಿಗೆ ಕೊಟ್ಟ ಅಂಕಕ್ಕಿಂತ ಹೊಲದಲ್ಲಿ ಅವನು ನನಗೆ ಹೇಳಿಕೊಟ್ಟದ್ದು ಹೆಚ್ಚು.

ಪತ್ರೊಡೆಪ್ರಿಯೆ

ನಾಲ್ಕು ತಿಂಗಳ ನಂತರ ಜಿಮ್ಮಾದಿಂದ ಬರೆಯುತ್ತಿದ್ದೇನೆ. ಉತ್ತರ ಕೊಟ್ಟ ಪ್ರತಿಯೊಬ್ಬರಿಗೂ ಸುದ್ದಿ ಮುಟ್ಟಿಸಬೇಕಿತ್ತು.

ಕುಕ್ಕರ್ ನಮ್ಮ ಮನೆದೇವರಾಗಿದೆ. ಮಗಳು ಇಂಜೆರಾ ಮುಟ್ಟಲು ಮೂರು ವಾರ ತೆಗೆದುಕೊಂಡಳು. ಈಗ ಶಿರೊ ಜೊತೆ ತಾನೇ ಕೇಳುತ್ತಾಳೆ. ಶಾಲೆಯಲ್ಲಿ ಇಲ್ಲಿನವರ ಭಾಷೆ ಆಫಾನ್ ಒರೊಮೊ ಕಲಿಯುತ್ತಿದ್ದಾಳೆ. ಇಲ್ಲಿ ಇಂಜೆರಾಗೆ ಬುದ್ದೇನಾ ಎನ್ನುತ್ತಾರೆ, ಸಂತೆಯಲ್ಲಿ ನನಗೆ ಅವಳೇ ದುಭಾಷಿ. ಗಡಿಯಾರ ಒಂದು ವಾರ ತಲೆ ತಿರುಗಿಸಿತು. ಅವರ ಎರಡು ಗಂಟೆ ಎಂದರೆ ನಮ್ಮ ಬೆಳಗ್ಗೆ ಎಂಟು. ಮೊದಲ ತರಗತಿಗೆ ನಾನು ಬಂದದ್ದು ಮಧ್ಯಾಹ್ನ, ಮಕ್ಕಳು ಬೆಳಗ್ಗೆಯೇ ಕಾದು ಹೋಗಿದ್ದರು. ಮರುದಿನ ಕ್ಷಮೆ ಕೇಳಿ ಪಾಠ ಶುರುಮಾಡಿದೆ.

ಮೆಂತ್ಯ, ಕೊತ್ತಂಬರಿ ಮಡಿಗಳು ಚೆನ್ನಾಗಿ ಬಂದಿವೆ, ಪಕ್ಕದ ಮನೆಯ ಕೋಳಿಗಳಿಂದ ಉಳಿಸಲು ಮುಳ್ಳು ಹಾಸಿದ್ದೇನೆ. ಬೇಲಿಯ ಪಕ್ಕದ್ದು ಎನ್ಸೆತ್ ಹೌದು.

ಮತ್ತೆ ಗೊದೆರೆ. ಕಾಲುವೆಯ ಬದಿಯಲ್ಲಿ ಎದೆಯೆತ್ತರ ಎಲೆ. ಪಕ್ಕದ ಮನೆಯವರು ಗಡ್ಡೆ ಕಿತ್ತು ಎಲೆ ಬಿಟ್ಟು ಹೋಗುವಾಗ ಪತ್ರೊಡೆಗೆಂದು ಕೇಳಿ ತಂದೆ. ನಾರು ತೆಗೆದು, ಅಕ್ಕಿ, ಕೊತ್ತಂಬರಿ, ಇಲ್ಲಿನ ಒಣಮೆಣಸು, ಅಮ್ಮನ ಹುಣಸೆಹಣ್ಣು ಹೆಚ್ಚಾಗಿಯೇ ಹಾಕಿ ಅರೆದು, ಹಚ್ಚಿ ಸುರುಳಿ ಸುತ್ತಿ, ಎನ್ಸೆತ್ ಎಲೆ ಹಾಸಿದ ಪಾತ್ರೆಯಲ್ಲಿ ಒಂದೂಕಾಲು ಗಂಟೆ ಹಬೆಯಲ್ಲಿ ಇಟ್ಟೆ. ಗಂಟಲು ತುರಿಸಲಿಲ್ಲ. ತೆಂಗಿನೆಣ್ಣೆ ಹಾಕಿ ಬಿಸಿಬಿಸಿ ಒಂದು ತಟ್ಟೆ ಪಕ್ಕದ ಮನೆಗೆ ಕೊಟ್ಟೆ. ಅವರು ತಿಂದು, ಇದು ಯಾವ ಸೊಪ್ಪು ಎಂದು ಕೇಳಿದರು. ಕಾಲುವೆಯ ಕಡೆ ಕೈ ತೋರಿಸಿದಾಗ ನಂಬಲಿಲ್ಲ. ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಎಲೆಗಳ ಹೊರೆ ಇತ್ತು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಹುಚ್ಚೆಳ್ಳು ಹೂ ಸರ್, ಸಂತೆಯಲ್ಲಿ ನೂಗ್ ಒಂದು ಲೋಟ ಕೊಂಡಿದ್ದೇನೆ. ನಮ್ಮ ಕಡೆ ಅದನ್ನು ಬೆಳೆದು ನೋಡಿದವರಿಲ್ಲ. ಯಾವಾಗ ಬಿತ್ತಲಿ?

ಹುಚ್ಚೆಳ್ಳು ಹೂ

ಅರ್ಧ ಲೋಟ ಹುರಿದು ಚಟ್ನಿ ಮಾಡಿ. ಉಳಿದದ್ದನ್ನು ಒಣ ಡಬ್ಬಿಯಲ್ಲಿಟ್ಟು ಜೂನ್ ಕೊನೆಗೆ ತೆಗೆಯಿರಿ. ಅಂಗಳದಲ್ಲಿ ಏನೂ ಬೆಳೆಯದ ಮೂಲೆ ಯಾವುದಿದೆಯೋ ಅಲ್ಲಿ ಮಣ್ಣು ಕೆದರಿ ತೆಳ್ಳಗೆ ಚೆಲ್ಲಿ. ಗೊಬ್ಬರ ಬೇಡ. ಹೂ ಬಿಟ್ಟಾಗ ಮಗಳನ್ನು ನಿಲ್ಲಿಸಿ ಒಂದು ಚಿತ್ರ ಕಳುಹಿಸಿ ತಾಯಿ, ನನ್ನಾಕೆ ಈಗಿನಿಂದಲೇ ಕೇಳುತ್ತಿದ್ದಾಳೆ.